ಕರೆಂಟಿಗೆ ಒಲಿಯುವುದೇ ಸಮಾಧಿ?

2000ನೇ ಇಸವಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಮಂದಿಯನ್ನು ವೈದ್ಯರು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಇಸಿಟಿ, ಅಂದರೆ ಜನ ‘ಕರೆಂಟ್ ಕೊಡೋದು’ ಎನ್ನುವ ಚಿಕಿತ್ಸೆ. ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ. ಮೂರನೆಯದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರ ಕಳೆದ ಮೇಲೆ ನೋಡಿದರೆ, ಇಸಿಟಿ ಪಡೆದವರಲ್ಲಿ ಶೇ 93, ಮಾತ್ರೆ ನುಂಗಿದವರಲ್ಲಿ ಶೇ 73, ಉಸಿರಿನ ಅಭ್ಯಾಸ ಮಾಡಿದವರಲ್ಲಿ ಶೇ 67ರಷ್ಟು ಮಂದಿಯ ಖಿನ್ನತೆ ಇಳಿದಿತ್ತು.

ಅಂಕಿಗಳನ್ನಷ್ಟೇ ನೋಡಿದವರು ಯೋಗಕ್ಕೆ ಮೂರನೇ ಸ್ಥಾನ ಎಂದು ಪುಟ ತಿರುವಬಹುದು. ಆದರೆ ಆ ಕಾಲಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ವಿದ್ಯುತ್ತು, ಔಷಧ, ಉಸಿರು ಈ ಮೂರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬಹುದು, ಮೂರೂ ಮುಟ್ಟುವುದು ಅದೇ ಮಿದುಳನ್ನು ಎಂಬ ಮಾತನ್ನು ಅದು ಒಪ್ಪಿಕೊಂಡಿತ್ತು. ಆ ಪ್ರಯೋಗದಲ್ಲಿ ಕರೆಂಟು ಮತ್ತು ಪ್ರಾಣಾಯಾಮ ಬೇರೆ ಬೇರೆ ಗುಂಪಿನಲ್ಲಿದ್ದವು. ಈಗ ಎರಡನ್ನೂ ಒಬ್ಬನೇ ಮನುಷ್ಯನಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿಸುವ ಪ್ರಯತ್ನಗಳು ನಡೆದಿವೆ. ಧ್ಯಾನಕ್ಕೆ ಕೂತವರ ಹಣೆಗೆ ಎಲೆಕ್ಟ್ರೋಡ್ ಕಟ್ಟಿ ಹದವಾದ ವಿದ್ಯುತ್ ಹರಿಸುವುದು, ಇಲ್ಲವೇ ಧ್ಯಾನಕ್ಕೆ ಮೊದಲು ತಲೆಯೊಳಗಿನ ನಿರ್ದಿಷ್ಟ ಜಾಗಕ್ಕೆ ಅಲ್ಟ್ರಾಸೌಂಡ್ ಹಾಯಿಸುವುದು. ಇದು ವೈದ್ಯರ ಪ್ರಶ್ನೆಯಾಗಿ ಶುರುವಾದರೂ ಅಲ್ಲಿಗೇ ನಿಲ್ಲುವಂಥದ್ದಲ್ಲ. ಯಂತ್ರದ ನೆರವಿನಿಂದ ಬಂದ ಮೌನವನ್ನು ಯೋಗ ಎನ್ನಬಹುದೇ? ಸಾಧಕನಿಗೆ ಅದರಿಂದ ದಕ್ಕುವುದೇನು?

ಮೊದಲು ಯಂತ್ರಗಳ ವಿಚಾರ. ತಲೆಬುರುಡೆ ತೆರೆಯದೆ, ಸೂಜಿ ಚುಚ್ಚದೆ ಮಿದುಳನ್ನು ಪ್ರಚೋದಿಸುವ ವಿಧಾನಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಒಂದು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕಾಂತಕ್ಷೇತ್ರದ ಮಿಡಿತ ಹಾಯಿಸಿದರು, ಮಿದುಳಿನ ಚಲನಕೇಂದ್ರಕ್ಕೆ ಅದು ತಾಗಿ ಕೈಯ ಸ್ನಾಯು ತಾನಾಗಿ ಅದುರಿತು. ಫ್ಯಾರಡೆ ಹತ್ತೊಂಬತ್ತನೇ ಶತಮಾನದಲ್ಲಿ ಕಂಡುಕೊಂಡ ನಿಯಮವೇ ಇಲ್ಲೂ ಕೆಲಸ ಮಾಡುತ್ತದೆ: ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ. ಖಿನ್ನತೆಯ ಚಿಕಿತ್ಸೆಗೆ ಈ ವಿಧಾನಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿತು. ಇನ್ನೊಂದು ಟಿಡಿಸಿಎಸ್, ಇದು ಮತ್ತೂ ಸರಳ. ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜುಗಳನ್ನು ತಲೆಗೆ ಕಟ್ಟಿ ಒಂದೆರಡು ಮಿಲಿಆಂಪಿಯರ್ ನೇರ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಪ್ರಜ್ಞೆ ತಪ್ಪಿಸುವುದಿಲ್ಲ, ಇಸಿಟಿಯಲ್ಲಿ ಆಗುವ ಹಾಗೆ ಸೆಳೆತ ಬರಿಸುವುದಿಲ್ಲ. ಚರ್ಮದ ಮೇಲೆ ಸಣ್ಣ ತುರಿಕೆ, ಜುಮ್ಮೆನ್ನುವ ಅನುಭವ, ಹೆಚ್ಚಿನವರಿಗೆ ಅಷ್ಟೇ. 2000ದಲ್ಲಿ ಜರ್ಮನಿಯ ಗಟಿಂಗನ್‌ನಲ್ಲಿ ಮೈಕೆಲ್ ನಿಟ್ಷೆ ಮತ್ತು ವಾಲ್ಟರ್ ಪೌಲಸ್, ಇಷ್ಟು ಸಣ್ಣ ವಿದ್ಯುತ್ತೂ ಚಲನಕೇಂದ್ರದ ಚುರುಕನ್ನು ಏರಿಸಬಲ್ಲದು, ದಿಕ್ಕು ತಿರುಗಿಸಿದರೆ ಇಳಿಸಬಲ್ಲದು, ವಿದ್ಯುತ್ ನಿಲ್ಲಿಸಿದ ಮೇಲೂ ಪರಿಣಾಮ ಕೆಲ ಹೊತ್ತು ಉಳಿಯುತ್ತದೆ ಎಂದು ತೋರಿಸಿದ ಮೇಲೆ ಇದರ ಸುತ್ತ ಸಂಶೋಧನೆ ಬೆಳೆಯಿತು.

ತಲೆಗೆ ವಿದ್ಯುತ್ ಮುಟ್ಟಿಸಿ ಗುಣಪಡಿಸುವ ಆಸೆ ಮಾತ್ರ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ತಲೆಯ ಮೇಲೆ ಇಡುವಂತೆ ಬರೆದಿದ್ದ.

ಟಿಡಿಸಿಎಸ್ ಬಗ್ಗೆ ಒಂದು ಮಾತನ್ನು ಮರೆಯಬಾರದು. ಈ ವಿದ್ಯುತ್ತು ನರಕೋಶಗಳನ್ನು ಹೊಡೆದೆಬ್ಬಿಸುವಷ್ಟು ಬಲವಾದದ್ದಲ್ಲ. ಹರಿಸಿದ ವಿದ್ಯುತ್ತಿನಲ್ಲಿ ಬಹುಪಾಲು ಚರ್ಮ ಮತ್ತು ತಲೆಬುರುಡೆಯಲ್ಲೇ ಹರಿದುಹೋಗುತ್ತದೆ. ಒಳಗೆ ಮುಟ್ಟುವ ಅಲ್ಪ ಪಾಲು ಕೋಶಗಳ ಸಿದ್ಧತೆಯನ್ನು ಸ್ವಲ್ಪ ಆಚೀಚೆ ಮಾಡುತ್ತದೆ, ಅಷ್ಟೆ. ಆದ್ದರಿಂದಲೇ ಪ್ರಯೋಗಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ ಬರುತ್ತದೆ. 2023ರಲ್ಲಿ ಜರ್ಮನಿಯ ಹಲವು ಆಸ್ಪತ್ರೆಗಳು ಸೇರಿ 160 ಖಿನ್ನತೆಯ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮಾತ್ರೆಯ ಜೊತೆಗೆ ಕೊಟ್ಟ ಟಿಡಿಸಿಎಸ್‌ಗೂ ಸುಮ್ಮನೆ ಕಟ್ಟಿದ ಹುಸಿ ಯಂತ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ 174 ಜನರು ಮನೆಯಲ್ಲೇ ಹತ್ತು ವಾರ ಬಳಸಿದ ಇನ್ನೊಂದು ಪ್ರಯೋಗದಲ್ಲಿ ನಿಜವಾದ ಯಂತ್ರ ಹುಸಿ ಯಂತ್ರಕ್ಕಿಂತ ಮೇಲಾಯಿತು. ತೀರ್ಪು ಇನ್ನೂ ಬಂದಿಲ್ಲ ಎಂದೇ ಇದರ ಅರ್ಥ.

ಯೋಗದ ಜೊತೆ ಇದನ್ನು ಕೂಡಿಸುವ ವಿಚಾರ ಹುಟ್ಟಿದ್ದೂ ಈ ದುರ್ಬಲತೆಯಿಂದಲೇ. ಸಣ್ಣ ವಿದ್ಯುತ್ತು ತಾನಾಗಿ ಏನನ್ನೂ ಆರಂಭಿಸಲಾರದು, ಮಿದುಳಿನಲ್ಲಿ ಆಗಲೇ ನಡೆಯುತ್ತಿರುವ ಕೆಲಸಕ್ಕೆ ಒತ್ತಾಸೆಯಾಗಬಲ್ಲದು. ಪಾರ್ಶ್ವವಾಯು ಹೊಡೆದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುತ್ತಲೇ ವಿದ್ಯುತ್ ಹರಿಸುವ ಪ್ರಯೋಗಗಳ ಹಿಂದಿರುವುದೂ ಇದೇ ತರ್ಕ. ಹಾಗಾದರೆ ಗಮನವನ್ನು ಉಸಿರಿನ ಮೇಲೆ ನಿಲ್ಲಿಸಲು ಹೆಣಗುತ್ತಿರುವ ಮಿದುಳಿಗೆ ಅದೇ ಗಳಿಗೆಯಲ್ಲಿ ಒತ್ತಾಸೆ ಕೊಟ್ಟರೆ? ಅಮೆರಿಕದ ದಕ್ಷಿಣ ಕೆರೊಲಿನಾದ ವೈದ್ಯಕೀಯ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನು ಮಾಡಿ ನೋಡಿ ‘ಇ-ಮೆಡಿಟೇಶನ್’ ಎಂದು ಹೆಸರಿಟ್ಟರು. ಅದು ಬೆರಳೆಣಿಕೆಯ ಜನರ ಮೇಲೆ ನಡೆದ, ಸುರಕ್ಷಿತವಾಗಿ ಮಾಡಬಹುದೇ ಎಂದು ನೋಡುವ ಮಟ್ಟದ ಪ್ರಯತ್ನ. ಅದರಿಂದ ದೊಡ್ಡ ತೀರ್ಮಾನಕ್ಕೆ ಹಾರುವುದು ಸರಿಯಲ್ಲ.

ಇನ್ನೊಂದು ದಿಕ್ಕಿನಿಂದ, ಯೋಗವೇ ಒಂದು ಬಗೆಯ ಮಿದುಳಿನ ಪ್ರಚೋದನೆ ಎಂದು ತೋರಿಸುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. ನಿಮ್ಹಾನ್ಸ್‌ನ ಬಿ.ಎನ್. ಗಂಗಾಧರ್, ಜಿ. ವೆಂಕಟಸುಬ್ರಮಣಿಯನ್ ಮುಂತಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಓಂಕಾರ ಹೇಳಿಸಿದರು, ಹೋಲಿಕೆಗೆ ‘ಸ್‌ಸ್‌ಸ್’ ಎಂಬ ಸದ್ದನ್ನೂ ಮಾಡಿಸಿದರು. ಓಂ ಎನ್ನುವಾಗ ಭಾವನೆಗಳಿಗೆ ಸಂಬಂಧಿಸಿದ ಒಳಭಾಗಗಳ, ಅದರಲ್ಲೂ ಭಯದೊಡನೆ ತಳಕು ಹಾಕಿಕೊಂಡಿರುವ ಅಮಿಗ್ಡಲದ ಚಟುವಟಿಕೆ ತಗ್ಗಿತು. ಬರೀ ಸದ್ದಿಗೆ ಹಾಗಾಗಲಿಲ್ಲ. ಮೂರ್ಛೆರೋಗ ಮತ್ತು ಖಿನ್ನತೆಗೆ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಕಾಣುವ ಚಿತ್ರವನ್ನೇ ಇದು ಹೋಲುತ್ತದೆ ಎಂದು ಅವರು ಗಮನಿಸಿದರು. ಓಂಕಾರದ ಕಂಪನ ಕಿವಿಯ ಸುತ್ತಲಿನ ವೇಗಸ್ ನರದ ಕವಲನ್ನು ಮುಟ್ಟುತ್ತಿರಬಹುದು ಎಂಬುದು ಅವರ ಊಹೆ. ಮುಂದೆ ಅದೇ ಸಂಸ್ಥೆಯವರು ಯೋಗಾಭ್ಯಾಸ ಮಾಡಿದ ಖಿನ್ನತೆಯ ರೋಗಿಗಳಲ್ಲಿ ಟಿಎಂಎಸ್ ಅನ್ನು ಚಿಕಿತ್ಸೆಯಾಗಿ ಅಲ್ಲದೆ ಅಳತೆಯ ಸಾಧನವಾಗಿ ಬಳಸಿದರು. ಕಾಂತ ಮಿಡಿತದ ಬೆನ್ನಿಗೆ ಮಿದುಳು ತನ್ನನ್ನು ತಾನೇ ತಡೆದು ನಿಲ್ಲಿಸುವ ಮೌನದ ಅವಧಿ ಯೋಗದ ನಂತರ ಹೆಚ್ಚಿತ್ತು. ಯಂತ್ರ ಮತ್ತು ಯೋಗ ಹೀಗೆ ಒಂದರ ಕೆಲಸವನ್ನು ಇನ್ನೊಂದು ಓದಿ ಹೇಳುವ ಸಂಬಂಧ ಬಹಳ ಆಶಾದಾಯಕವಾದದ್ದು. ಬೆಂಗಳೂರಿನ ಈ ಕೆಲಸ ಕನ್ನಡಿಗರಿಗೆ ಇನ್ನಷ್ಟು ಗೊತ್ತಾಗಬೇಕು.

ಇದಕ್ಕಿಂತ ದಿಟ್ಟ ಪ್ರಯತ್ನ ನಡೆಯುತ್ತಿರುವುದು ಅಮೆರಿಕದ ಅರಿಝೋನ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನರವಿಜ್ಞಾನಿ ಜೇ ಸಾಂಗ್ವಿನೆಟ್ಟಿ ಜೊತೆಗೆ ಕೆಲಸ ಮಾಡುತ್ತಿರುವವರು ಶಿನ್‌ಝೆನ್ ಯಂಗ್. ಇವರು 1970ರ ಸುಮಾರಿಗೆ ಜಪಾನಿನ ಕೋಯಾ ಬೆಟ್ಟದಲ್ಲಿ ಶಿಂಗೋನ್ ಬೌದ್ಧ ಪಂಥದ ದೀಕ್ಷೆ ಪಡೆದು ದಶಕಗಳಿಂದ ಧ್ಯಾನ ಕಲಿಸುತ್ತಿರುವ ಆಚಾರ್ಯ. ಅವರ ಗುರಿ ಮಿದುಳಿನ ನಡುಭಾಗದಲ್ಲಿ, ಹಿಂಬದಿಗೆ ಇರುವ ಒಂದು ಪ್ರದೇಶ. ಕೈಯಲ್ಲಿ ಕೆಲಸವಿಲ್ಲದಾಗ ‘ನಾನು, ನನ್ನದು, ನನಗೆ ಹಾಗಂದರು’ ಎಂದು ಸುತ್ತುವ ಯೋಚನೆಗಳ ಜಾಲಕ್ಕೆ ಅದು ಕೇಂದ್ರ. ಅನುಭವಿ ಧ್ಯಾನಿಗಳಲ್ಲಿ ಈ ಜಾಗ ತಣ್ಣಗಿರುತ್ತದೆ ಎಂದು 2011ರಲ್ಲಿ ಯೇಲ್‌ನ ಜಡ್ಸನ್ ಬ್ರೂವರ್ ತಂಡ ತೋರಿಸಿತ್ತು. ಅರಿಝೋನದವರು ಅದೇ ಜಾಗಕ್ಕೆ ಕೇಂದ್ರೀಕೃತ ಅಲ್ಟ್ರಾಸೌಂಡ್ ಹಾಯಿಸಿದರು. 2024ರಲ್ಲಿ ಪ್ರಕಟವಾದ, 30 ಮಂದಿ ಆರೋಗ್ಯವಂತರ ಅಧ್ಯಯನದ ಪ್ರಕಾರ ಆ ಜಾಲದೊಳಗಿನ ಸಂಪರ್ಕ ಸಡಿಲಗೊಂಡಿತು, ಭಾಗವಹಿಸಿದವರು ತಮ್ಮ ಅನುಭವದಲ್ಲೂ ಬದಲಾವಣೆ ಹೇಳಿದರು. ಹತ್ತಾರು ವರ್ಷ ಕೂತು ಸಾಧಿಸುವುದನ್ನು ಕೆಲವು ನಿಮಿಷಗಳಲ್ಲಿ ಹತ್ತಿರಕ್ಕೆ ತರಬಹುದೇ ಎಂದು ಒಬ್ಬ ಸನ್ಯಾಸಿಯೇ ಕೇಳುತ್ತಿರುವಾಗ, ಅದನ್ನು ಅಧರ್ಮವೆಂದು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಉತ್ಸಾಹಕ್ಕೆ ಮೊದಲು ಕೆನಡಾದ ಒಂದು ಹೆಲ್ಮೆಟ್ಟಿನ ಕಥೆಯನ್ನು ನೆನೆಯಬೇಕು. ಸಡ್ಬರಿ ನಗರದ ಲಾರೆನ್ಶಿಯನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಪರ್ಸಿಂಜರ್ ಎಂಬ ವಿಜ್ಞಾನಿ, ಕಪಾಲದ ಪಕ್ಕಗಳಿಗೆ ಬಹು ಕ್ಷೀಣವಾದ ಕಾಂತಕ್ಷೇತ್ರ ಹಾಯಿಸುವ ಹೆಲ್ಮೆಟ್ ತಯಾರಿಸಿದ್ದರು. ಕತ್ತಲ, ನಿಶ್ಶಬ್ದ ಕೋಣೆಯಲ್ಲಿ ಅದನ್ನು ಧರಿಸಿ ಕೂತ ಅನೇಕರಿಗೆ ಪಕ್ಕದಲ್ಲಿ ಯಾರೋ ಇದ್ದ ಹಾಗೆ, ಯಾವುದೋ ಸಾನ್ನಿಧ್ಯ ಬಂದ ಹಾಗೆ ಆಯಿತು. ಪತ್ರಿಕೆಗಳು ಅದನ್ನು ‘ದೇವರ ಹೆಲ್ಮೆಟ್’ ಎಂದು ಕರೆದವು. ನಾಸ್ತಿಕವಾದಿ ರಿಚರ್ಡ್ ಡಾಕಿನ್ಸ್ ಕೂಡ ಬಿಬಿಸಿ ಕಾರ್ಯಕ್ರಮಕ್ಕಾಗಿ ಧರಿಸಿ ನೋಡಿದರು, ಅವರಿಗೆ ಅಂಥದ್ದೇನೂ ಆಗಲಿಲ್ಲ. 2005ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಪೇರ್ ಗ್ರಾನ್‌ಕ್ವಿಸ್ಟ್ ತಂಡ, ಕಾಂತಕ್ಷೇತ್ರ ಇದೆಯೋ ಇಲ್ಲವೋ ಎಂಬುದು ಪ್ರಯೋಗ ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ತಿಳಿಯದ ಹಾಗೆ ಪರೀಕ್ಷಿಸಿತು. ಕಾಂತಕ್ಷೇತ್ರಕ್ಕೂ ಅನುಭವಕ್ಕೂ ಸಂಬಂಧ ಸಿಗಲಿಲ್ಲ. ಯಾರ ಮನಸ್ಸು ಸೂಚನೆಗೆ ಬೇಗ ಒಲಿಯುವಂಥದ್ದೋ ಅವರಿಗೆ ಅನುಭವಗಳು ಹೆಚ್ಚು ಆಗಿದ್ದವು. ಪರ್ಸಿಂಜರ್ ಇದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಪಾಠ ಸ್ಪಷ್ಟವಿದೆ. ಕತ್ತಲು, ನಿರೀಕ್ಷೆ, ನಂಬಿಕೆ ಸೇರಿದರೆ ಸಾಕು, ಮನಸ್ಸು ಬೇಕಾದ್ದನ್ನು ಕಾಣಬಲ್ಲದು. ಧ್ಯಾನಕ್ಕೆ ಕೂತವರಲ್ಲಿ ನಿರೀಕ್ಷೆ ಮೊದಲೇ ಇರುತ್ತದೆ. ಯೋಗ ಮತ್ತು ಯಂತ್ರವನ್ನು ಕೂಡಿಸುವ ಯಾವ ಪ್ರಯೋಗವೂ ಹುಸಿ ಯಂತ್ರದ ಹೋಲಿಕೆ ಇಲ್ಲದೆ ನಂಬಿಕೆಗೆ ಅರ್ಹವಾಗದು.

ಯಂತ್ರ ನಿಜವಾಗಿಯೂ ಕೆಲಸ ಮಾಡುತ್ತದೆ ಎಂದೇ ಇಟ್ಟುಕೊಂಡರೆ? ಧರ್ಮದ ಪ್ರಶ್ನೆ ಏಳುವುದು ಅಲ್ಲಿಂದ.

ಸಂಪ್ರದಾಯಸ್ಥರ ಮೊದಲ ಆಕ್ಷೇಪ ಇದು ಹೊರಗಿನ ವಸ್ತು, ಕೃತಕ ಎಂಬುದು. ಈ ಆಕ್ಷೇಪ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಠಯೋಗದ ಇಡೀ ಕಟ್ಟಡ ನಿಂತಿರುವುದು ದೇಹವನ್ನು ಹಿಡಿದರೆ ಮನಸ್ಸು ಸಿಗುತ್ತದೆ, ಉಸಿರು ನಿಂತರೆ ಚಿತ್ತ ನಿಲ್ಲುತ್ತದೆ ಎಂಬ ತಿಳಿವಳಿಕೆಯ ಮೇಲೆ. ಬಂಧ, ಮುದ್ರೆ, ಕುಂಭಕಗಳು ಶರೀರದ ಮೇಲಿನ ಉಪಾಯಗಳೇ. ಜಪಮಾಲೆ ಹೊರಗಿನದು, ದೀಪದ ಮೇಲೆ ದೃಷ್ಟಿ ನಿಲ್ಲಿಸುವ ತ್ರಾಟಕಕ್ಕೆ ಬೇಕಾದ ದೀಪವೂ ಹೊರಗಿನದು. ಪತಂಜಲಿಯಂತೂ ಯೋಗಸೂತ್ರದ ಕೈವಲ್ಯಪಾದವನ್ನು ಆರಂಭಿಸುವುದೇ ಸಿದ್ಧಿಗಳು ಐದು ದಾರಿಯಿಂದ ಬರುತ್ತವೆ ಎಂದು: ಹುಟ್ಟಿನಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ. ಔಷಧಿಯನ್ನು ಅವನು ಅಲ್ಲಗಳೆಯಲಿಲ್ಲ, ಪಟ್ಟಿಯಿಂದ ಹೊರಗಿಡಲಿಲ್ಲ. ಗಿಡಮೂಲಿಕೆಗೆ ಜಾಗವಿದ್ದರೆ ಮಿಲಿಆಂಪಿಯರಿಗೂ ಇರಲೇಬೇಕು.

ಆದರೆ ಅದೇ ಪಾದದಲ್ಲಿ, ಕೆಲವೇ ಸೂತ್ರಗಳ ನಂತರ ಪತಂಜಲಿ ಒಂದು ಗೆರೆ ಎಳೆಯುತ್ತಾನೆ. ಹೀಗೆ ಉಂಟಾದ ಚಿತ್ತಗಳಲ್ಲಿ ಧ್ಯಾನದಿಂದ ಹುಟ್ಟಿದ್ದು ಮಾತ್ರ ಆಶಯವಿಲ್ಲದ್ದು ಎನ್ನುತ್ತಾನೆ. ರಾಗದ್ವೇಷಗಳ, ಕರ್ಮಸಂಸ್ಕಾರಗಳ ಗಸಿ ಅದರಲ್ಲಿ ಉಳಿಯುವುದಿಲ್ಲ ಎಂದು ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ. ಇವತ್ತಿನ ಚರ್ಚೆಗೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಶಕ್ತಿ ಎಲ್ಲಿಂದ ಬೇಕಾದರೂ ಬರಬಹುದು. ಆ ಶಕ್ತಿಯನ್ನು ಹಿಡಿದ ಮನುಷ್ಯ ಮೊದಲಿನವನೇ ಆಗಿ ಉಳಿದನೇ, ಬದಲಾದನೇ ಎಂಬುದೇ ಯೋಗದ ಪ್ರಶ್ನೆ. ಅಷ್ಟಾಂಗದಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಅಪರಿಗ್ರಹ ಮುಂತಾದ ಯಮಗಳು ಆಸನಕ್ಕಿಂತ ಮೊದಲು ಬರುವುದೂ ಅಭ್ಯಾಸವನ್ನು ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಬೇಕೆಂದು ಕಟ್ಟಪ್ಪಣೆ ಮಾಡಿರುವುದೂ ಇದಕ್ಕೇ. ದೀರ್ಘಕಾಲ ಎಂಬುದು ಹಳೆಯ ಕಾಲದವರಿಗೆ ಬೇಗ ಮುಟ್ಟಿಸುವ ಸಾಧನ ಇರಲಿಲ್ಲವೆಂದು ಹೇಳಿದ ಮಾತಲ್ಲ. ಸಿಟ್ಟು ಬಂದಾಗ ನುಂಗಿಕೊಳ್ಳುವುದು, ಬೇಸರ ಬಂದರೂ ಕೂರುವುದು, ಕೂತಾಗ ತನ್ನ ಸಣ್ಣತನ ಎದುರಿಗೆ ಬಂದು ನಿಂತರೆ ಓಡಿಹೋಗದಿರುವುದು, ಇವೆಲ್ಲ ಆ ಕಾಲದೊಳಗೇ ನಡೆಯುವಂಥವು. 20 ನಿಮಿಷದ ವಿದ್ಯುತ್ತು ಮನಸ್ಸಿನ ಗದ್ದಲ ತಗ್ಗಿಸಬಹುದು. ಗದ್ದಲವನ್ನು ಎದುರಿಸಿದ ಪಳಗಿಕೆಯನ್ನು ಅದು ಕೊಡಲಾರದು.

ವೇದಾಂತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಗಾಢನಿದ್ರೆಯಲ್ಲಿ, ಸಮಾಧಿಯಲ್ಲಿ ಭೇದವೆಲ್ಲ ಅಡಗಿದಂತೆ ಇದ್ದರೂ ಅಜ್ಞಾನ ಹೋಗಿರದ ಕಾರಣ ಎದ್ದಾಗ ಮತ್ತೆ ಮೊದಲಿನಂತೆಯೇ ಭೇದ ಮೂಡುತ್ತದೆ ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಹೇಳಿದ್ದಾರೆ. ಈ ಮಾತನ್ನು ಕನ್ನಡದಲ್ಲಿ ಪಟ್ಟುಹಿಡಿದು ವಿವರಿಸಿದವರು ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು. ಮುಕ್ತಿಗೆ ಬೇಕಾದದ್ದು ತಿಳಿವು, ಬಂದುಹೋಗುವ ಯಾವ ಅವಸ್ಥೆಯೂ ಅಲ್ಲ ಎಂಬ ನಿಲುವನ್ನು ಅವರು ಜೀವನವಿಡೀ ಬಿಡಲಿಲ್ಲ. ಯೋಗಿಯೊಬ್ಬ ಕಷ್ಟಪಟ್ಟು ಗಳಿಸಿದ ಸಮಾಧಿಯೇ ಈ ತಕ್ಕಡಿಯಲ್ಲಿ ಸಾಲದೆಂದಾದರೆ, ಪ್ರಯೋಗಾಲಯದಲ್ಲಿ ಅಲ್ಟ್ರಾಸೌಂಡ್ ಹಾಯಿಸಿ ಪಡೆದ ನಿಶ್ಚಲತೆಯ ಪಾಡು ಹೇಳಬೇಕಾಗಿಲ್ಲ. ಯಂತ್ರ ನಿಂತ ಮೇಲೆ ಏನು ಉಳಿಯಿತು? ಸ್ವಾಮಿಗಳ ಓದುಗರು ಮೊದಲು ಕೇಳುವುದು ಇದನ್ನೇ, ನರವಿಜ್ಞಾನಿಗಳೂ ಕೇಳಬೇಕಾದದ್ದು ಇದನ್ನೇ.

ಕನ್ನಡದ ಮಟ್ಟಿಗೆ ಈ ವಾದ ಹೊಸದೇನಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ಮತ್ತು ಅಲ್ಲಮಪ್ರಭುವಿನ ಭೇಟಿಯ ಪ್ರಸಂಗವಿದೆ. ಯೋಗಸಾಧನೆಯಿಂದ ದೇಹವನ್ನು ವಜ್ರ ಮಾಡಿಕೊಂಡ ಗೋರಕ್ಷ ತನ್ನನ್ನು ಕತ್ತಿಯಿಂದ ಹೊಡೆದು ನೋಡೆಂದು ಪಂಥ ಕಟ್ಟುತ್ತಾನೆ. ಹೊಡೆದರೆ ಖಣಿಲ್ ಎಂಬ ಸದ್ದು, ಒಂದು ಕೂದಲೂ ಕೊಂಕುವುದಿಲ್ಲ. ಆಮೇಲೆ ಗೋರಕ್ಷನೇ ಅಲ್ಲಮನ ಮೇಲೆ ಕತ್ತಿ ಬೀಸಿದರೆ ಅದು ಬಯಲನ್ನು ಹಾಯ್ದಂತೆ ಹಾಯ್ದುಹೋಗುತ್ತದೆ. ತಾಗುವುದಕ್ಕೆ ಅಲ್ಲಿ ‘ನಾನು’ ಇರಲಿಲ್ಲ. ಗೋರಕ್ಷನ ಸಿದ್ಧಿ ಸುಳ್ಳೆಂದು ಅಲ್ಲಮ ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸದ್ದು ಬಂದದ್ದು ನಿಜ, ಕೂದಲು ಕೊಂಕದ್ದೂ ನಿಜ. ಆದರೆ ಆ ಗಟ್ಟಿತನದ ಒಳಗೆ ಗೆದ್ದೆನೆಂಬ ಹಮ್ಮು ಹಾಗೇ ಕೂತಿತ್ತು. ತಲೆಗೆ ಪಟ್ಟಿ ಕಟ್ಟಿಕೊಂಡು ‘ನನ್ನ ಗಾಮಾ ತರಂಗ ಇಷ್ಟಾಯಿತು, ನನ್ನ ಏಕಾಗ್ರತೆ ಇಷ್ಟೇರಿತು’ ಎಂದು ಮೊಬೈಲಿನಲ್ಲಿ ಎಣಿಸಿಕೊಳ್ಳುವ ಸಾಧಕನಿಗೂ ಕಾದಿರುವ ಅಪಾಯ ಇದೇ. ‘ನಾನು’ ಎಂಬ ಜಾಲವನ್ನು ತಣ್ಣಗಾಗಿಸಲು ಹೊರಟವನು ಆ ‘ನಾನು’ವಿಗೇ ಹೊಸ ಪದಕ ತೊಡಿಸಿದಂತಾಗುತ್ತದೆ.

ಹಾಗಾದರೆ ಈ ಕೂಡಿಕೆ ಬೇಡವೇ? ಬೇಕು, ಅದಕ್ಕೆ ಸಲ್ಲುವ ಜಾಗದಲ್ಲಿ. ತೀವ್ರ ಖಿನ್ನತೆಯಲ್ಲಿರುವವರಿಗೆ ಹಾಸಿಗೆಯಿಂದ ಏಳುವುದೇ ಪರ್ವತ. ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರೆ ಕಪ್ಪು ಯೋಚನೆಗಳೇ ಮುತ್ತುತ್ತವೆ. ಕಿವಿಯಲ್ಲಿ ಇಲ್ಲದ ದನಿಗಳು ಕೇಳುತ್ತಿರುವ ಸ್ಕಿಜೋಫ್ರೀನಿಯಾ ರೋಗಿಗೆ ಮೌನವೆಂಬುದೇ ಇಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿ 2012ರಲ್ಲಿ ಇಂಥ 30 ರೋಗಿಗಳ ಮೇಲೆ, ದಿನಕ್ಕೆ ಎರಡು ಸಲದಂತೆ ಐದು ದಿನ ಟಿಡಿಸಿಎಸ್ ಪ್ರಯೋಗ ನಡೆಯಿತು. ನಿಜವಾದ ವಿದ್ಯುತ್ತು ಪಡೆದವರಲ್ಲಿ ದನಿಗಳ ಕಾಟ ಸರಾಸರಿ ಶೇ 31ರಷ್ಟು ತಗ್ಗಿತು. ಅದೇ ಜಾಡಿನ ಕೆಲಸ ನಿಮ್ಹಾನ್ಸ್‌ನಲ್ಲೂ ನಡೆದಿದೆ. ಇಂಥವರಿಗೆ ಯಂತ್ರ ಮೊದಲ ಒತ್ತಾಸೆ ಕೊಟ್ಟು, ಬೆನ್ನಿಗೆ ಯೋಗ ಕೈಹಿಡಿದು ನಡೆಸಿದರೆ ಅದಕ್ಕಿಂತ ದೊಡ್ಡ ಕರುಣೆಯ ಕೆಲಸ ಇಲ್ಲ. ಇಲ್ಲಿ ಸಮಾಧಿಯ ಮಾತೇ ಬರುವುದಿಲ್ಲ, ಒಂದು ಜೀವಕ್ಕೆ ತಾನು ತಾನಾಗಿ ಕೂರುವ ಶಕ್ತಿ ಮರಳಿಸುವ ಮಾತು. ರೋಗಿಯ ಹಕ್ಕನ್ನು ಸಿದ್ಧಾಂತದ ಶುದ್ಧಿಗಾಗಿ ತಡೆಹಿಡಿಯುವ ಅಧಿಕಾರ ಯಾವ ಮಠಕ್ಕೂ ಯಾವ ಯೋಗಶಾಲೆಗೂ ಇಲ್ಲ.

ಆರೋಗ್ಯವಂತ ಸಾಧಕರ ಮಾತು ಬೇರೆ. ಅವರ ಮೇಲೆ ಪ್ರಯೋಗ ನಡೆಯಲಿ, ಆದರೆ ಅಳೆಯುವ ಸಂಗತಿ ಬದಲಾಗಲಿ. ಆ ಅರ್ಧ ಗಂಟೆಯಲ್ಲಿ ಮಿದುಳಿನ ಚಿತ್ರ ಹೇಗಿತ್ತು ಎಂಬುದರ ಜೊತೆಗೆ, ವರ್ಷ ಕಳೆದ ಮೇಲೆ ಅವರು ಮನೆಯವರೊಡನೆ ಹೇಗಿದ್ದಾರೆ, ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆ, ಯಂತ್ರವಿಲ್ಲದೆ ಕೂರಬಲ್ಲರೇ ಎಂಬುದನ್ನೂ ಕೇಳಬೇಕು. ಯಮನಿಯಮಗಳನ್ನು ಅಳೆಯಲು ಎಂಆರ್‌ಐ ಬೇಡ, ಜೊತೆಯಲ್ಲಿ ಬದುಕುವವರ ಸಾಕ್ಷ್ಯ ಸಾಕು. ಇಂಥ ಅಧ್ಯಯನವನ್ನು ರೂಪಿಸಲು ಯೋಗವೂ ಮಿದುಳಿನ ಪ್ರಚೋದನೆಯೂ ಒಂದೇ ಆವರಣದಲ್ಲಿರುವ ಬೆಂಗಳೂರಿಗಿಂತ ತಕ್ಕ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

ಓದುಗರಲ್ಲಿ ಎರಡು ವಿನಂತಿ. ತಲೆಗೆ ಕಟ್ಟಿಕೊಳ್ಳುವ ವಿದ್ಯುತ್ ಪಟ್ಟಿಗಳು ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ಮನೆಯಲ್ಲಿ ತಾವೇ ಇದನ್ನು ಮಾಡಿಕೊಳ್ಳುವವರನ್ನು ಎಚ್ಚರಿಸಿ ನರವಿಜ್ಞಾನಿಗಳು 2016ರಲ್ಲೇ ಬಹಿರಂಗ ಪತ್ರ ಬರೆದಿದ್ದಾರೆ. ಒಂದು ಜಾಗಕ್ಕೆ ಹರಿಸಿದ ವಿದ್ಯುತ್ತು ಬೇರೆ ಜಾಗಗಳನ್ನೂ ಮುಟ್ಟುತ್ತದೆ, ಪರಿಣಾಮ ಎಷ್ಟು ಕಾಲ ಉಳಿಯುತ್ತದೆಂದು ಹೇಳಲಾಗದು ಎಂಬುದು ಅವರ ಆತಂಕ. ಮೂರ್ಛೆರೋಗ ಇರುವವರು, ತಲೆಯಲ್ಲಿ ಲೋಹದ ತುಣುಕು ಅಥವಾ ಶ್ರವಣ ಸಾಧನ ಅಳವಡಿಸಿಕೊಂಡವರು ತಜ್ಞ ವೈದ್ಯರನ್ನು ಕೇಳದೆ ಇಂಥ ಯಾವ ಯಂತ್ರದ ಹತ್ತಿರವೂ ಹೋಗಬಾರದು. ಇನ್ನೊಂದು: ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಯೋಗ ಶಿಬಿರದಲ್ಲಿ ಯಾರೋ ಹೇಳಿದರೆಂದು ಅದನ್ನು ನಿಲ್ಲಿಸಬೇಡಿ. ಯೋಗ ಮಾಡಿ, ಮಾತ್ರೆಯನ್ನೂ ಮುಂದುವರಿಸಿ, ಕಡಿಮೆ ಮಾಡುವುದಿದ್ದರೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ.